ಹಳೇ ಟೂ-ಸ್ಟ್ರೋಕ್ ಗೋ-ಕಾರ್ಟ್ ಕೈಕೊಟ್ಟಾಗ: ಕಾರ್ಬ್ ಸ್ಕ್ರೂ ಮುಟ್ಟುವ ಮುಂಚೆ ಏನೇನು ನೋಡಬೇಕು

ಹಳೇ ಕಾರ್ಟ್ ಸ್ಟಾರ್ಟ್ ಆಗದಿದ್ದರೆ ಸುತ್ತ ನಿಂತವರಲ್ಲಿ ಒಬ್ಬರಾದರೂ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್ ಕಡೆ, ಅಂದರೆ ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬ್ ಕಡೆ ಬಗ್ಗುತ್ತಾರೆ. ಬೇಡ ಅನ್ನಿ. ಹೋದ ಸಲ ಸರಿಯಾಗಿ ಓಡಿದ ಗಾಡಿಯ ಸ್ಕ್ರೂ ಶೆಡ್‌ನಲ್ಲಿ ನಿಂತಲ್ಲೇ ತಾನಾಗಿ ತಿರುಗಿಕೊಂಡಿರುವುದಿಲ್ಲ. ಪೈಪ್ ಸೀಳಿರುತ್ತದೆ, ಸ್ಪಾರ್ಕ್ ಪ್ಲಗ್ ಸತ್ತಿರುತ್ತದೆ, ಪೆಟ್ರೋಲ್ ಕೆಟ್ಟಿರುತ್ತದೆ. ಸ್ಕ್ರೂ ತಿರುಗಿಸಿದರೆ ಒಂದಿದ್ದ ದೋಷ ಎರಡಾಗುತ್ತದೆ, ಅಷ್ಟೇ.

ಇಲ್ಲಿ ಬರೆದಿರುವುದು 100 ಸಿಸಿ ಸುತ್ತಮುತ್ತಲಿನ, ಗಾಳಿಗೆ ತಣ್ಣಗಾಗುವ, ಕ್ಲಚ್ ಇಲ್ಲದೆ ಚೈನ್ ನೇರವಾಗಿ ಆಕ್ಸಲ್‌ಗೆ ಹೋಗುವ ಹಳೇ ಕಾರ್ಟ್‌ಗಳಿಗೆ. ಯಮಾಹಾ ಕೆಟಿ100, ಅದಕ್ಕೂ ಹಳೆಯ ಮೆಕಲಕ್ ಇಂಥ ಎಂಜಿನ್ ಇರುವವು. ಮಾಲ್‌ನಲ್ಲಿ ಬಾಡಿಗೆಗೆ ಸಿಗುವ ಫೋರ್-ಸ್ಟ್ರೋಕ್ ಕಾರ್ಟ್‌ಗಾಗಲಿ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ನೀರಿನಿಂದ ತಣ್ಣಗಾಗುವ ರೋಟ್ಯಾಕ್ಸ್ ಮ್ಯಾಕ್ಸ್ ಎಂಜಿನ್‌ಗಾಗಲಿ ಇದರಲ್ಲಿ ಅರ್ಧ ಹೊಂದುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಹಾಕಿದ್ದು ಹುಲ್ಲು ಕತ್ತರಿಸುವ ಯಂತ್ರದ ವೆಸ್ಟ್ ಬೆಂಡ್ ಎಂಜಿನ್. 1959ರಲ್ಲಿ ಬಂದ ಮೆಕಲಕ್ ಎಂಸಿ-10 ಮರ ಕೊಯ್ಯುವ ಚೈನ್‌ಸಾ ಎಂಜಿನ್‌ನಿಂದ ಹುಟ್ಟಿದ್ದು. ಚೈನ್‌ಸಾವನ್ನು ತಲೆಕೆಳಗಾಗಿ ಹಿಡಿದರೂ ಓಡಬೇಕು. ಹಾಗಾಗಿ ಅದರ ಕಾರ್ಬ್‌ನಲ್ಲಿ ಬೈಕ್‌ನ ಹಾಗೆ ಪೆಟ್ರೋಲ್ ನಿಲ್ಲುವ ಬಟ್ಟಲು ಇಲ್ಲ, ಫ್ಲೋಟ್ ಇಲ್ಲ. ಡಯಾಫ್ರಮ್ ಅನ್ನುವ ತೆಳ್ಳನೆಯ ಪೊರೆ ಇದೆ, ಕ್ರ್ಯಾಂಕ್‌ಕೇಸ್‌ನ (ಎಂಜಿನ್‌ನ ಕೆಳಗಿನ ಗೂಡಿನ) ಒತ್ತಡ ಏರಿಳಿದಂತೆ ಅದು ಮಿಡಿದು ಪೆಟ್ರೋಲ್ ಎಳೆಯುತ್ತದೆ. ಕೆಟಿ100ನ ವಾಲ್‌ಬ್ರೋ ಕಾರ್ಬ್ ಕೂಡ ಇದೇ ಜಾತಿ. ಅಂದರೆ ಟ್ಯಾಂಕ್‌ನಿಂದ ಕಾರ್ಬ್‌ವರೆಗೆ ಎಲ್ಲಿ ಒಂದು ಸೂಜಿಮೊನೆಯಷ್ಟು ಗಾಳಿ ಹೊಕ್ಕರೂ ಎಂಜಿನ್‌ಗೆ ಗೊತ್ತಾಗುತ್ತದೆ. ಈ ಕಾರ್ಟ್‌ಗಳ ಬಹುಪಾಲು ತಕರಾರು ಇಲ್ಲೇ ಇರುತ್ತದೆ.

ದೋಷ ಯಾವಾಗ ಬಂತು? ಮೊದಲು ಅದನ್ನು ಕೇಳಿ

ರೇಸ್ ಹೇಗೆ ನಡೆಯುತ್ತದೆ ಅನ್ನುವುದೇ ಅರ್ಧ ಸುಳಿವು ಕೊಡುತ್ತದೆ. ಸ್ಪ್ರಿಂಟ್ ಕೂಟದಲ್ಲಿ ಅಭ್ಯಾಸ, ಕ್ವಾಲಿಫೈಯಿಂಗ್, ಹೀಟ್ ಅನ್ನುವ ಒಂದಷ್ಟು ಚಿಕ್ಕ ಓಟಗಳು, ಪ್ರೀ-ಫೈನಲ್, ಕೊನೆಗೆ ಸ್ವಲ್ಪ ಉದ್ದದ ಫೈನಲ್. ಕ್ಲಚ್ ಇಲ್ಲದ ಕಾರ್ಟ್ ನಿಂತ ಜಾಗದಿಂದ ಹೊರಡಲಾರದು. ಆದ್ದರಿಂದ ರೋಲಿಂಗ್ ಸ್ಟಾರ್ಟ್. ಎಲ್ಲರೂ ಸಾಲಾಗಿ ನಿಧಾನಕ್ಕೆ ಒಂದು ಸುತ್ತು ಬಂದು ಬಾವುಟ ಬಿದ್ದ ಕೂಡಲೇ ಥ್ರಾಟಲ್ ಪೂರ್ತಿ ಒತ್ತುತ್ತಾರೆ.

ಆ ನಿಧಾನದ ಸುತ್ತಿನಲ್ಲೇ ಮುಗ್ಗರಿಸಿದರೆ ಪ್ಲಗ್‌ಗೆ ಎಣ್ಣೆ ಹತ್ತಿದೆ ಅಥವಾ ಕೆಳವೇಗದ ಮಿಶ್ರಣ ಜಾಸ್ತಿ ಇದೆ. ಮೊದಲ ಎರಡು ಸುತ್ತು ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ ಶಾಖದ ಸಮಸ್ಯೆ. ಹೀಟ್‌ಗಳೆಲ್ಲ ಸರಿ, ಫೈನಲ್‌ನಲ್ಲಿ ಮಾತ್ರ ಕೈಕೊಟ್ಟರೆ ಟ್ಯಾಂಕ್‌ನ ಗಾಳಿ ಕಿಂಡಿ ನೋಡಿ, ಪೆಟ್ರೋಲ್ ಮಟ್ಟ ನೋಡಿ, ಆಮೇಲೆ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್‌ಕೇಸ್‌ನಿಂದ ಗಾಳಿ ಸೋರದಂತೆ ತಡೆಯುವ ಬಳೆ.

ಹಳೇ ಕಾರ್ಟ್‌ಗಳ ಕೂಟಗಳದ್ದು ಬೇರೆ ಕಥೆ. ಅಲ್ಲಿ ಎಷ್ಟೋ ಸಲ ಸ್ಪರ್ಧೆಯೇ ಇರುವುದಿಲ್ಲ, ಸುಮ್ನೆ ಮೆರವಣಿಗೆ ಓಟ. ಕೆಟಿ100ನಂತೆ 15,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸು ತಿರುಗಲು ಮಾಡಿದ ಎಂಜಿನ್‌ನ್ನು ಹೀಗೆ ಮೆಲ್ಲಗೆ ಓಡಿಸಿದರೆ ಪ್ಲಗ್ ಎಣ್ಣೆ ಕುಡಿದು ಸಾಯುತ್ತದೆ. ಅದು ದೋಷವೇ ಅಲ್ಲ. ಒಂದು ನಂಬರ್ ಬಿಸಿಯ ಪ್ಲಗ್ ಹಾಕಿ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ನಂಬರ್ ಕಡಿಮೆಯಾದಷ್ಟೂ ಬಿಸಿ, ಹೆಚ್ಚಾದಷ್ಟೂ ತಂಪು. ಆದರೆ ಅದೇ ಪ್ಲಗ್ ಇಟ್ಟುಕೊಂಡು ಆಮೇಲೆ ಜೋರಾಗಿ ಓಡಿಸಬೇಡಿ, ಪಿಸ್ಟನ್ ತೂತಾಗಬಹುದು.

ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುತ್ತಿಲ್ಲ

ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡಿ. ಪೆಟ್ರೋಲ್ ನಲ್ಲಿ ತೆರೆದಿದೆಯಾ? ಕಿಲ್ ಸ್ವಿಚ್ ಆಫ್‌ನಲ್ಲೇ ಇದೆಯಾ? ಟ್ಯಾಂಕ್ ಮುಚ್ಚಳದ ಗಾಳಿ ಕಿಂಡಿ ಕಟ್ಟಿದೆಯಾ? ನಗಬೇಡಿ, ಅನುಭವಸ್ಥರೂ ಇಲ್ಲೇ ಬೀಳುತ್ತಾರೆ.

ಆಮೇಲೆ ಪ್ಲಗ್ ಬಿಚ್ಚಿ. ಅದು ಒದ್ದೆಯೋ ಒಣಗಿದೆಯೋ ಅನ್ನುವುದರ ಮೇಲೆ ಮುಂದಿನ ದಾರಿ.

ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲೇ ಜಾಸ್ತಿಯಾಗಿದೆ. ನಲ್ಲಿ ಮುಚ್ಚಿ, ಪ್ಲಗ್ ಹೊರಗಿಟ್ಟೇ ಹಿಂದಿನ ಚಕ್ರ ಎತ್ತಿ ಟೈರ್ ಹಿಡಿದು ಹಲವು ಸಲ ತಿರುಗಿಸಿ, ಒಳಗಿನ ಪೆಟ್ರೋಲ್ ಉಗುಳಿಬಿಡಲಿ. ತಿರುಗಿಸುವಾಗ ಬೆರಳು ಚೈನ್ ಹತ್ತಿರ ಹೋಗಕೂಡದು, ಸ್ಪ್ರಾಕೆಟ್ ಬೆರಳನ್ನು ಕತ್ತರಿಸಿಯೇ ಬಿಡುತ್ತದೆ. ಉಗುಳಿದ ಪೆಟ್ರೋಲ್ ಒರೆಸಿ, ಆವಿ ಹೋಗಲು ಬಿಟ್ಟು, ಆಮೇಲೆ ಕಿಡಿ ಪರೀಕ್ಷೆ ಮಾಡಿ. ಹೊಸ ಪ್ಲಗ್‌ಗೆ ಕ್ಯಾಪ್ ಹಾಕಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿ ಇಟ್ಟು, ಇನ್ನೊಬ್ಬರಿಂದ ಚಕ್ರ ಜೋರಾಗಿ ತಿರುಗಿಸಿ. ತೂತಿನ ಪಕ್ಕದಲ್ಲೇ ಇಟ್ಟರೆ ಹೊರಬರುವ ಆವಿಗೆ ಬೆಂಕಿ ಹತ್ತುತ್ತದೆ, ಇದು ಬರೀ ಪುಸ್ತಕದ ಎಚ್ಚರಿಕೆ ಅಲ್ಲ. ನೀಲಿ ಕಿಡಿ ಚಟಚಟ ಅಂದರೆ ಸರಿ. ಹಳದಿಯಾಗಿ ಸಣ್ಣಗೆ ಬಂದರೆ ಅಥವಾ ಬರದೇ ಇದ್ದರೆ ಕಿಲ್ ಸ್ವಿಚ್‌ನ ವೈರ್ ಕಳಚಿ ಮತ್ತೆ ನೋಡಿ. ಈಗ ಬಂದರೆ ವೈರ್ ಎಲ್ಲೋ ಚಾಸಿಗೆ ಉಜ್ಜಿ ಶಾರ್ಟ್ ಆಗಿದೆ, ಕಿಡಿ ಕೊಡುವ ಕಾಯಿಲ್‌ಗೆ ದುಡ್ಡು ಸುರಿಯಬೇಕಿಲ್ಲ.

ಮೆಕಲಕ್‌ನಲ್ಲಿ ಫ್ಲೈವ್ಹೀಲ್ ಕೆಳಗೆ ಕಿಡಿ ಹುಟ್ಟಿಸಲು ಬೇಕಾದ ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್ ಇವೆ. ಹಳೇ ಎಜ್ಡಿ ಬೈಕ್ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಾಯಿಂಟ್ ಮೇಲೆ ತೆಳ್ಳಗೆ ತುಕ್ಕು ಕಟ್ಟಿರುತ್ತದೆ. ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ ಒಣ ಗಟ್ಟಿಕಾಗದ ಎಳೆದು ಪುಡಿ ತೆಗೆಯಿರಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಕೆಟಿ100ನಲ್ಲಿ ಪಾಯಿಂಟ್ ಇಲ್ಲ, ಎಲೆಕ್ಟ್ರಾನಿಕ್. ಅಲ್ಲಿ ಕಾಯಿಲ್ ಮತ್ತು ರೋಟರ್ ನಡುವಿನ ಸಂದು, ಕಾಯಿಲ್ ಕೂರುವ ಜಾಗದ ತುಕ್ಕು ನೋಡಿದರೆ ಸಾಕು.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಪೈಪ್ ಪಾರದರ್ಶಕವಾಗಿದ್ದರೆ ನಿಮ್ಮ ಪುಣ್ಯ, ಚಕ್ರ ತಿರುಗಿಸುವಾಗ ಗುಳ್ಳೆ ಓಡುವುದು ಕಾಣುತ್ತದೆ. ಗುಳ್ಳೆ ಅಂದರೆ ಗಾಳಿ. ಪೈಪಿನ ಎರಡೂ ತುದಿ ಒಂದೊಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿ, ಗಟ್ಟಿಯಾಗಿದ್ದರೆ ಪೂರ್ತಿ ಬದಲಿಸಿ. ಇಡೀ ಕಾರ್ಟ್‌ನಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಆಗಲೂ ಬರದಿದ್ದರೆ ಡಯಾಫ್ರಮ್ ಕಿಟ್. ಕಾರ್ಬ್ ಮುಚ್ಚಳ ಬಿಚ್ಚಿ ಡಯಾಫ್ರಮ್ ಬೆರಳಲ್ಲಿ ಹಿಡಿದು ನೋಡಿ. ಮೆತ್ತಗೆ ಬಾಗಬೇಕು. ಹಪ್ಪಳದ ಹಾಗೆ ಗರಿಗರಿ ಆಗಿದ್ದರೆ, ಅಂಚು ಸುರುಳಿ ಸುತ್ತಿದ್ದರೆ ಎಸೆಯಿರಿ. ಬಿಚ್ಚುವಾಗ ಗ್ಯಾಸ್ಕೆಟ್ ಮೊದಲೋ ಡಯಾಫ್ರಮ್ ಮೊದಲೋ ಅಂತ ಫೋಟೋ ತೆಗೆದುಕೊಳ್ಳಿ, ಕ್ರಮ ತಪ್ಪಿದರೆ ಪಂಪ್ ಕೆಲಸ ಮಾಡುವುದಿಲ್ಲ. ಕಾರ್ಬ್ ಎಂಜಿನ್‌ಗೆ ಕೂರುವ ಕಡೆಯ ಗ್ಯಾಸ್ಕೆಟ್‌ನಲ್ಲೂ ಒತ್ತಡ ಹೋಗುವ ಒಂದು ಸಣ್ಣ ತೂತಿದೆ. ಗ್ಯಾಸ್ಕೆಟ್ ತಿರುಗಿಸಿ ಹಾಕಿದರೆ ಅದು ಮುಚ್ಚಿಹೋಗಿ, ಎಲ್ಲ ಹೊಸದಾಗಿದ್ದರೂ ಹನಿ ಪೆಟ್ರೋಲ್ ಬರುವುದಿಲ್ಲ.

ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡುವವರಿದ್ದಾರೆ. ಟೂ-ಸ್ಟ್ರೋಕ್‌ಗೆ ಎಣ್ಣೆ ಬರುವುದೇ ಪೆಟ್ರೋಲ್ ಜೊತೆ. ಈಥರ್ ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಬೇಡ.

ಸ್ಟಾರ್ಟ್ ಆಗುತ್ತದೆ, ಒಂದು ಸುತ್ತಿಗೆ ನಿಲ್ಲುತ್ತದೆ

ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ಬಿಚ್ಚಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಿಂಡಿ ಕಟ್ಟಿದೆ, ಬೇರೇನೂ ಹುಡುಕಬೇಡಿ.

ಇಲ್ಲದಿದ್ದರೆ ಪೆಟ್ರೋಲನ್ನೇ ಅನುಮಾನಿಸಿ. ನಮ್ಮ ಪಂಪ್‌ಗಳಲ್ಲಿ ಈಗ ಬರುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ಇದಕ್ಕೆ ಚಾಲನೆ ಕೊಟ್ಟಿದ್ದು ಬೆಂಗಳೂರಿನಲ್ಲೇ. ಹೊಸ ಗಾಡಿಗಳ ಮಾತು ಬಿಡಿ, 40 ವರ್ಷ ಹಳೇ ಕಾರ್ಬ್‌ನ ರಬ್ಬರ್‌ಗೆ ಎಥನಾಲ್ ಆಗಿಬರುವುದಿಲ್ಲ. ಉಬ್ಬುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಜೊತೆಗೆ ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿ ಮಲೆನಾಡಿನ ಮಳೆಗಾಲದಲ್ಲಂತೂ ಕೇಳಲೇಬೇಡಿ. ಕಾರ್ಟ್ ನಿಲ್ಲಿಸುವಾಗ ಟ್ಯಾಂಕ್, ಕಾರ್ಬ್ ಎರಡನ್ನೂ ಖಾಲಿ ಮಾಡಿ ಇಡುವುದೇ ಮದ್ದು.

ಪರೀಕ್ಷೆ ಸುಲಭ. ಮಿಕ್ಸ್ ಮಾಡಿದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ರಾತ್ರಿ ಬಿಡಿ, ಮನೆಯೊಳಗಲ್ಲ, ಗಾಳಿಯಾಡುವ ಕಡೆ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರೂ ಆಗಿರಬಹುದು, ಬೇರೆಯಾದ ಎಣ್ಣೆಯೂ ಆಗಿರಬಹುದು. ಎರಡೂ ಎಂಜಿನ್‌ಗೆ ಹೋಗಬಾರದು.

ಎಣ್ಣೆ ಅಂದಾಗ ಹರಳೆಣ್ಣೆಯ ಮಾತು ಬರಲೇಬೇಕು. ಹಳೇ ಕಾರ್ಟ್ ಜನ ಇವತ್ತಿಗೂ ಹರಳೆಣ್ಣೆ ಬೆರೆಸಿದ ರೇಸಿಂಗ್ ಎಣ್ಣೆಯನ್ನೇ ಕೇಳುತ್ತಾರೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಇಂಗ್ಲಿಷಿನಲ್ಲಿ ಹರಳೆಣ್ಣೆಗೆ ಇರುವ ಹೆಸರಿನಿಂದ. ವಿಪರೀತ ಶಾಖದಲ್ಲೂ ಇದು ಪಿಸ್ಟನ್ ಬಿಟ್ಟುಕೊಡುವುದಿಲ್ಲ, ಟ್ರ್ಯಾಕ್ ಪಕ್ಕದ ಆ ವಾಸನೆಗೆ ಮನಸೋತವರೂ ಇದ್ದಾರೆ. ಆದರೆ ನಿಲ್ಲಿಸಿಟ್ಟ ಎಂಜಿನ್‌ನಲ್ಲಿ ಅದೇ ಎಣ್ಣೆ ಕಂದು ಅಂಟಾಗಿ ಕಟ್ಟಿ ಪಿಸ್ಟನ್ ರಿಂಗ್ ಅಂಟಿಸುತ್ತದೆ, ಕಾರ್ಬ್‌ನ ಸಣ್ಣ ತೂತು ಮುಚ್ಚುತ್ತದೆ. ಅಡುಗೆಮನೆಯ ಹರಳೆಣ್ಣೆ ಸುರಿಯಬೇಡಿ ಮತ್ತೆ, ಎಂಜಿನ್‌ಗಾಗಿ ಮಾಡಿದ್ದೇ ಬೇರೆ.

ಬೆರಕೆ ಪ್ರಮಾಣಕ್ಕೆ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ನೋಡಿ. ಹಳೇ ಕಾರ್ಟ್‌ಗಳಿಗೆ ಸಾಮಾನ್ಯವಾಗಿ 16ಕ್ಕೆ 1 ಅಥವಾ 20ಕ್ಕೆ 1. ಒಂದು ಲೀಟರ್‌ಗೆ 50 ಮಿಲಿ ಹಾಕಿದರೆ 20ಕ್ಕೆ 1. ಸ್ಕೂಟರ್‌ಗೆ ಹಾಕುತ್ತಿದ್ದ ಲೆಕ್ಕದಲ್ಲಿ ಚೂರೇ ಚೂರು ಹಾಕಿದರೆ ಕೆಳಗೆ ಬರೆದಿರುವ ಸೀಜ್ (ಪಿಸ್ಟನ್ ಹಿಡಿದುಕೊಳ್ಳುವ) ಭಾಗ ನಿಮಗೇ.

ಎಳೆತ ಇಲ್ಲ, ಗೊರಗುಟ್ಟುತ್ತದೆ ಅಥವಾ ಕೀರಲು ದನಿ

ಮೇಲಿನದ್ದೆಲ್ಲ ಸರಿ ಇದ್ದರೆ ಮಾತ್ರ ಈಗ ಸ್ಕ್ರೂ.

ನೇರ ರಸ್ತೆಯಲ್ಲಿ ಗೊರಗೊರ ಅಂದು, ಹೊಗೆ ಜಾಸ್ತಿ ಬಂದು, ಪ್ಲಗ್ ಕಪ್ಪಗೆ ಒದ್ದೆಯಾಗಿ ಬಂದರೆ ಪೆಟ್ರೋಲ್ ಜಾಸ್ತಿ. ಇದರಿಂದ ಎಂಜಿನ್ ಸಾಯುವುದಿಲ್ಲ, ಬರೀ ನಿಧಾನ. ಬದಲಿಗೆ ದನಿ ತೆಳ್ಳಗಾಗಿ, ಕೀರಲಾಗಿ, ನೇರದ ಕೊನೆಯಲ್ಲಿ ಎಳೆತ ಇದ್ದಕ್ಕಿದ್ದಂತೆ ಕುಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಇದು ಅಪಾಯ. ತಕ್ಷಣ ಥ್ರಾಟಲ್ ಬಿಡಿ. ಪ್ಲಗ್ ಬೆಳ್ಳಗಿದ್ದರೆ, ಅದರ ಪಿಂಗಾಣಿ ಮೇಲೆ ಬೆಳ್ಳಿಯ ಸಣ್ಣ ಚುಕ್ಕೆ ಕಂಡರೆ ಅವತ್ತಿನ ಓಟ ಮುಗಿಯಿತು. ಆ ಚುಕ್ಕೆ ಕರಗಿದ ಪಿಸ್ಟನ್‌ನ ಅಲ್ಯೂಮಿನಿಯಂ.

ಸ್ಕ್ರೂ ಮುಟ್ಟುವ ಮುಂಚೆ ಈಗ ಎಲ್ಲಿದೆ ಅಂತ ಗುರುತು ಮಾಡಿ. ನಿಧಾನಕ್ಕೆ ಮುಚ್ಚುತ್ತಾ ಎಷ್ಟು ಸುತ್ತು ಬಂತು ಎಣಿಸಿ, ಬರೆದಿಟ್ಟು, ಮತ್ತೆ ಅಷ್ಟೇ ತೆರೆಯಿರಿ. ಮುಚ್ಚುವಾಗ ಬೆರಳ ತುದಿಯ ಬಲ ಸಾಕು, ಬಿಗಿದರೆ ಸ್ಕ್ರೂನ ಸೂಜಿಯಂಥ ತುದಿಯೂ ಅದು ಕೂರುವ ಜಾಗವೂ ಹಾಳು. ಆಮೇಲೆ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. ಯಾವಾಗಲೂ ಪೆಟ್ರೋಲ್ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿ ಕಡಿಮೆಗೆ ಬನ್ನಿ. ಮೂಲೆಯಿಂದ ಹೊರಬರುವಾಗ ಮುಗ್ಗರಿಸಿದರೆ ಕೆಳವೇಗದ ಸ್ಕ್ರೂ ತಿರುಗಿಸಿ, ನೇರದ ಕೊನೆಯಲ್ಲಾದರೆ ಮೇಲ್ವೇಗದ್ದು. ಎಷ್ಟು ತಿರುಗಿಸಿದರೂ ಏನೂ ಬದಲಾಗದಿದ್ದರೆ ದೋಷ ಸ್ಕ್ರೂನಲ್ಲಿಲ್ಲ, ಮತ್ತೆ ಗಾಳಿ ಎಳೆಯುವ ಜಾಗ ಹುಡುಕಿ.

ಹಳೇ 100 ಸಿಸಿ ರೇಸ್ ಚಿತ್ರಗಳಲ್ಲಿ ಚಾಲಕರು ನೇರದ ಕೊನೆಯಲ್ಲಿ ಒಂದು ಕೈ ಸ್ಟಿಯರಿಂಗ್ ಬಿಟ್ಟು ಹಿಂದೆ ಚಾಚಿ ಕಾರ್ಬ್‌ನ ಬಾಯಿ ಮುಚ್ಚುವುದು ನೋಡಿರಬಹುದು. ಗಾಳಿ ಕಡಿಮೆಯಾಗಿ ಒಂದು ಗುಟುಕು ಪೆಟ್ರೋಲ್ ಎಣ್ಣೆ ಜಾಸ್ತಿ ಹೋಗುತ್ತದೆ, ಪಿಸ್ಟನ್ ತಣಿಯುತ್ತದೆ. ಮುಂದೆ ಫಾರ್ಮುಲಾ ಒನ್‌ನಲ್ಲಿ ಹೆಸರಾದ ಐರ್ಟನ್ ಸೆನ್ನಾ 1979 ಮತ್ತು 1980ರಲ್ಲಿ ಕಾರ್ಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾಗಿ ಬಂದ ಕಾಲದ ಪದ್ಧತಿ ಅದು. ಹೊಸಬರು ಖಾಲಿ ಟ್ರ್ಯಾಕ್‌ನಲ್ಲಿ, ನಿಧಾನದಲ್ಲಿ ಕಲಿಯಬೇಕಾದ್ದು.

ತಣ್ಣಗಿದ್ದಾಗ ಚೆನ್ನ, ಬಿಸಿಯಾದಾಗ ಸೊರಗುತ್ತದೆ

ಸಿಲಿಂಡರ್ ರೆಕ್ಕೆಗಳ ನಡುವೆ ಎಣ್ಣೆ ಮಣ್ಣು ತುಂಬಿದೆಯಾ ನೋಡಿ, ತೊಳೆಯಿರಿ. ಪ್ಲಗ್ ಕೆಳಗೆ ಕೂರುವ ತಾಪಮಾಪಕ ಇದ್ದರೆ ಒಳ್ಳೆಯದು. ಕೆಟಿ100ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಮಾಮೂಲು. ಅದಕ್ಕಿಂತ ಮೇಲೇರುತ್ತಲೇ ಹೋದರೆ ನಿಲ್ಲಿಸಿ.

ಬಿಸಿಯಾದಾಗ ಕಿಡಿ ಹೋಗಿ, ತಣ್ಣಗಾದ ಮೇಲೆ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್. ಕಿಡಿ ಇದ್ದೂ ಸೊರಗಿದರೆ ರಿಂಗ್ ಸವೆದಿರಬಹುದು ಅಥವಾ ಕ್ರ್ಯಾಂಕ್ ಸೀಲ್ ಬಿಟ್ಟಿರಬಹುದು. ಸೀಲ್ ಪರೀಕ್ಷೆಗೆ ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ ಕೈಪಂಪ್‌ನಿಂದ ಐದಾರು ಪಿಎಸ್‌ಐ ಗಾಳಿ ತುಂಬಿ ಸೋಪಿನ ನೀರು ಹಚ್ಚಬೇಕು. ಕಂಪ್ರೆಸರ್ ನೇರವಾಗಿ ಕೊಡಬೇಡಿ, ಒಳ್ಳೆಯ ಸೀಲೂ ಹೊರಗೆ ಹಾರುತ್ತದೆ.

ಸೀಲ್, ಬೇರಿಂಗ್, ಕ್ರ್ಯಾಂಕ್ ಕೆಲಸ ಬಂದರೆ ಅಲ್ಲಿಗೆ ಮನೆ ರಿಪೇರಿ ನಿಲ್ಲಿಸಿ. ಇವು ಒತ್ತಿ ಕೂರಿಸಿದ ಕ್ರ್ಯಾಂಕ್‌ಗಳು. ಎಜ್ಡಿ, ಆರ್‌ಎಕ್ಸ್ 100 ಕ್ರ್ಯಾಂಕ್ ಕಟ್ಟುವ ಒಳ್ಳೆಯ ಲೇತ್‌ನವರು ಮೈಸೂರು, ಬೆಂಗಳೂರು ಕಡೆ ಇನ್ನೂ ಸಿಗುತ್ತಾರೆ. ಆದರೆ ಬೈಕ್‌ನ ಎರಡರಷ್ಟು ವೇಗದಲ್ಲಿ ತಿರುಗುವ ಎಂಜಿನ್ ಇದು ಅಂತ ಮೊದಲೇ ಹೇಳಿ, ಡಯಲ್ ಗೇಜ್ ಇಟ್ಟು ಅಳೆದು ತೋರಿಸಲು ಕೇಳಿ. ಓಲಾಟ 0.05 ಮಿಲಿಮೀಟರ್ ದಾಟಿದ್ದರೆ ತೆಗೆದುಕೊಂಡು ಬರಬೇಡಿ.

ಓಡುತ್ತಿರುವಾಗ ಹಿಂದಿನ ಚಕ್ರ ಗಪ್ಪನೆ ಹಿಡಿದುಕೊಂಡಿತು

ಎಂಜಿನ್ ಸೀಜ್ ಆಗಿದೆ. ಕ್ಲಚ್ ಇಲ್ಲವಾದ್ದರಿಂದ ಪಿಸ್ಟನ್ ನಿಂತರೆ ಆಕ್ಸಲ್ ನಿಲ್ಲುತ್ತದೆ, ಕಾರ್ಟ್ ಗಿರ್ರನೆ ಸುತ್ತಿಬಿಡುತ್ತದೆ. ಹಿಂದಿನಿಂದ ಬರುವವರಿಗೆ ಕೈ ಎತ್ತಿ ತೋರಿಸಿ, ಮಾರ್ಷಲ್ ಹೇಳುವವರೆಗೆ ಟ್ರ್ಯಾಕ್ ಮೇಲೆ ಇಳಿದು ಓಡಬೇಡಿ.

ತಣ್ಣಗಾದ ಮೇಲೆ ಚಕ್ರ ಸಲೀಸಾಗಿ ತಿರುಗುತ್ತದೆ, ಆಗ ಏನೂ ಆಗಿಲ್ಲ ಅನ್ನಿಸುತ್ತದೆ. ಮತ್ತೆ ಸ್ಟಾರ್ಟ್ ಮಾಡಬೇಡಿ. ಎಕ್ಸಾಸ್ಟ್ ಬಿಚ್ಚಿ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್‌ನ ಮೈ ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಬದುಕಿತು, ಆದರೂ ಕಾರಣ ಹುಡುಕದೆ ಹೊರಡಬೇಡಿ. ಉದ್ದುದ್ದ ಗೀರು, ಬೂದು ಲೋಹ ಮೆತ್ತಿದ ಗುರುತು ಕಂಡರೆ ಸಿಲಿಂಡರ್ ಎತ್ತಲೇಬೇಕು. ಗೀರು ಎಕ್ಸಾಸ್ಟ್ ಪಕ್ಕದಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲದೆ ಕಾದಿದ್ದು. ಸುತ್ತ ನಾಲ್ಕೂ ಕಡೆ ಇದ್ದರೆ ಎಂಜಿನ್ ಬಿಸಿಯಾಗುವ ಮುಂಚೆಯೇ ಜೋರಾಗಿ ಒತ್ತಿದ್ದು ಅಥವಾ ಬೋರ್‌ಗೆ ಪಿಸ್ಟನ್ ತೀರಾ ಬಿಗಿ.

ಚೈನ್ ಹಾರುತ್ತದೆ

ಚೈನ್ ನಡುವೆ ಬೆರಳಲ್ಲಿ ಎತ್ತಿದರೆ ಒಂದು ಸೆಂಟಿಮೀಟರ್ ಚಿಲ್ಲರೆ ಆಡಬೇಕು, ಎಂಜಿನ್ ಆಫ್ ಇರುವಾಗ ಅನ್ನುವುದು ಬೇರೆ ಹೇಳಬೇಕಿಲ್ಲ. ಆಕ್ಸಲ್ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲ ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಸ್ಪ್ರಾಕೆಟ್ ನಡು ತಪ್ಪಿದೆ ಅಥವಾ ಆಕ್ಸಲ್ ಬಾಗಿದೆ. ಹಳೇ ಅಮೆರಿಕನ್ ಕಾರ್ಟ್‌ನಲ್ಲಿ 35 ನಂಬರ್ ಚೈನ್, ಆಮೇಲಿನವುಗಳಲ್ಲಿ 219. ಕೊಂಡವರು ಒಂದರ ಸ್ಪ್ರಾಕೆಟ್‌ಗೆ ಇನ್ನೊಂದರ ಚೈನ್ ತುರುಕಿರುವುದೂ ಉಂಟು, ಕೂರುವುದಿಲ್ಲ. ಚೈನ್ ಗಾರ್ಡ್ ಇಲ್ಲದೆ ಸ್ಟ್ಯಾಂಡ್ ಮೇಲೂ ಓಡಿಸಬೇಡಿ.

ಮೂಲೆಯಲ್ಲಿ ತಿರುಗುವುದಿಲ್ಲ, ಕುಪ್ಪಳಿಸುತ್ತದೆ

ಕಾರ್ಟ್‌ಗೆ ಎಡ ಬಲ ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಸಸ್ಪೆನ್ಷನ್ ಇಲ್ಲ. ತಿರುಗುವಾಗ ಚಾಸಿಯೇ ತಿರುಚಿಕೊಂಡು ಒಳಗಿನ ಹಿಂಚಕ್ರ ಚೂರು ಎತ್ತಬೇಕು. ಮೊದಲು ಟೈರ್ ಗಾಳಿ ಸಮ ಇದೆಯಾ ನೋಡಿ. ಆಮೇಲೆ ಟೈರ್‌ಗೆ ಉಗುರು ಒತ್ತಿ. ಗುರುತೇ ಬೀಳದಿದ್ದರೆ ರಬ್ಬರ್ ಕಲ್ಲಾಗಿದೆ, ಚಾಸಿಯನ್ನು ಬೈದು ಉಪಯೋಗವಿಲ್ಲ. ಆಮೇಲೆ ಹಿಂದೆ ಎತ್ತಿ ಆಕ್ಸಲ್ ತಿರುಗಿಸಿ, ತುದಿ ಓಲಾಡುತ್ತದಾ ನೋಡಿ.

ಎಲ್ಲ ಸರಿ ಇದ್ದರೆ ಬಿರುಕು ಹುಡುಕಿ. ಸೀಟ್ ಕೂರುವ ಕಡೆ, ಮುಂದಿನ ಚಕ್ರದ ಸ್ಟಬ್ ಆಕ್ಸಲ್ ಬುಡದಲ್ಲಿ, ವೆಲ್ಡ್ ಪಕ್ಕದಲ್ಲಿ ಕೂದಲಿನಂಥ ತುಕ್ಕಿನ ಗೆರೆ ಇರುತ್ತದೆ. ಹೊಸದಾಗಿ ಬಣ್ಣ ಬಳಿದು ಮಾರಿದ ಹಳೇ ಕಾರ್ಟ್‌ನಲ್ಲಿ ಇನ್ನೂ ಗಮನ ಕೊಟ್ಟು ನೋಡಿ. ಸ್ಟಿಯರಿಂಗ್‌ನಲ್ಲಿ ಆಟ ಇದ್ದರೆ, ಟೈ ರಾಡ್ ನಟ್‌ಗೆ ಪಿನ್ ಇಲ್ಲದಿದ್ದರೆ, ಸ್ಟಬ್ ಬಿರುಕು ಬಿಟ್ಟಿದ್ದರೆ ಒಂದು ಸುತ್ತೂ ಓಡಿಸಬೇಡಿ. ಸ್ಟಬ್‌ಗೆ ಮೇಲೊಂದು ವೆಲ್ಡ್ ತೇಪೆ ಹಾಕಿಸುವುದೂ ಬೇಡ, ಹೊಸದೇ ಬೇಕು.

ಎರಡು ಹೋಳಿನ ರಿಮ್ ಬಿಚ್ಚುವಾಗ ಮೊದಲು ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡಿ. ಗಾಳಿ ಇದ್ದಂತೆಯೇ ಬೋಲ್ಟ್ ಸಡಿಲಿಸಿದರೆ ರಿಮ್ ಮುಖಕ್ಕೆ ಸಿಡಿಯುತ್ತದೆ. ಹಳೇ ರಿಮ್ ಮೆಗ್ನೀಸಿಯಂ ಆಗಿದ್ದರೆ ಅದನ್ನು ಗ್ರೈಂಡರ್‌ಗೆ ಕೊಡಬೇಡಿ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜಾಸ್ತಿಯಾಗುತ್ತದೆ, ಒಣ ಮರಳು ಮುಚ್ಚಬೇಕು.

ಬ್ರೇಕ್ ಪೆಡಲ್ ಮೆತ್ತಗೆ ಹೋಗುತ್ತದೆ

ಇದಕ್ಕೆ ಹಂತ ಹಂತ ಅಂತೇನೂ ಇಲ್ಲ. ಪೆಡಲ್ ಒಂದೇ ಸಲಕ್ಕೆ ಗಟ್ಟಿಯಾಗಿ ನಿಲ್ಲದಿದ್ದರೆ ಕಾರ್ಟ್ ಹೊರಗೆ ಬರಬಾರದು, ಈ ಗಾಡಿಗಳಿಗೆ ಬ್ರೇಕ್ ಇರುವುದೇ ಹಿಂದೆ ಮಾತ್ರ. ಕೇಬಲ್ ಬ್ರೇಕ್ ಆದರೆ ಎಳೆ ಬಿಚ್ಚಿದೆಯಾ ನೋಡಿ ಬದಲಿಸಿ. ಹೈಡ್ರಾಲಿಕ್ ಆದರೆ ಗಾಳಿ ತೆಗೆಯಿರಿ, ಆದರೆ ಒಳಗೆ ಯಾವ ಎಣ್ಣೆ ಇತ್ತು ಅಂತ ತಿಳಿಯದೆ ಹೊಸದನ್ನು ಸುರಿಯಬೇಡಿ. ಕೆಲವು ಹಳೇ ಬ್ರೇಕ್‌ಗೆ ಡಾಟ್ (DOT) ಅಂತ ಬರೆದಿರುವ ಬ್ರೇಕ್ ಎಣ್ಣೆ, ಕೆಲವಕ್ಕೆ ಮಿನರಲ್ ಎಣ್ಣೆ, ತಪ್ಪಿದರೆ ಸೀಲ್ ಉಬ್ಬಿ ಬ್ರೇಕ್ ಹಿಡಿದೇ ಇರುತ್ತದೆ ಅಥವಾ ಹಿಡಿಯುವುದೇ ಇಲ್ಲ. ಹಳೇ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಊದಿ ಧೂಳು ಹಾರಿಸಬೇಡಿ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಎಸೆಯಿರಿ.